ನಮ್ಮ ಎನ್‌ಓಸಿಯೂ ನಮ್ಮವ್ವನೂ

ಕೆಲವು ಉದ್ಯೋಗಗಳಿಗೆ ವಿವರಣೆ ಬೇಕಿಲ್ಲ. ಮೇಷ್ಟ್ರು ಎಂದರೆ ಪಾಠ, ಕಂಡಕ್ಟರ್ ಎಂದರೆ ಟಿಕೆಟ್. ನನ್ನ ಉದ್ಯೋಗ ಆ ಪೈಕಿಯದಲ್ಲ. ಚಾಮರಾಜನಗರದಲ್ಲಿ ‘ನಾನು ಎನ್‌ಓಸಿಯಲ್ಲಿ ಕೆಲಸ ಮಾಡುತ್ತೇನೆ’ ಎಂದರೆ ಕೇಳಿದವರ ಮುಖ ಅರಳುತ್ತದೆ. ಅರಳುವುದು ಮಾತ್ರ ತಪ್ಪು ಕಾರಣಕ್ಕೆ. ಇಲ್ಲಿ ಎನ್‌ಓಸಿ ಎಂದರೆ ‘ನಮ್ಮ ಅಭ್ಯಂತರವಿಲ್ಲ’ ಎಂದು ಸರ್ಕಾರಿ ಕಚೇರಿ ಬರೆದುಕೊಡುವ ಕಾಗದ. ಹಿಂದಿನ ಬೀದಿಯ ಪುಟ್ಟಸ್ವಾಮಿಯವರು ಒಂದು ಭಾನುವಾರ ಸೈಟಿನ ಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದು, ಒಂದು ಚಿಪ್ಪು ಬಾಳೆಹಣ್ಣನ್ನೂ ಮೇಜಿನ ಮೇಲಿಟ್ಟು, “ನಿಮ್ ಕೈಲಿ ಆಯ್ತದೆ ಅಂದ್ರು ಕಣವ್ವ, ಒಂದು ಎನ್‌ಓಸಿ ಕೊಡ್ಸಿಬುಡಿ” ಎಂದರು. ನಮ್ಮದು ಕಂಪನಿಯ ಕಂಪ್ಯೂಟರ್ ಜಾಲವನ್ನು ಕಾಯುವ ಕೇಂದ್ರ, ಅದನ್ನೂ ಇಂಗ್ಲಿಷಿನ ಅದೇ ಮೂರಕ್ಷರದಲ್ಲಿ ಕರೆಯುತ್ತಾರೆ ಎಂದು ತಿಳಿಸುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿಯಿತು. ಹೋಗುವಾಗ ಅವರು ಬಾಳೆಹಣ್ಣನ್ನು ಮರೆಯದೆ ತೆಗೆದುಕೊಂಡು ಹೋದರು.

ನಮ್ಮ ಕಂಪನಿ ರೈತರಿಂದ ಚೆಂಡುಹೂವು ಕೊಂಡು ಬಣ್ಣ ತೆಗೆಯುತ್ತದೆ. ಗುಂಡ್ಲುಪೇಟೆ, ಹರವೆ, ಸಂತೆಮರಹಳ್ಳಿ, ಹೀಗೆ ಹಲವು ಕಡೆ ಹೂ ಕೊಳ್ಳುವ ಕೇಂದ್ರಗಳಿವೆ. ಅಲ್ಲಿನ ತಕ್ಕಡಿಗಳೆಲ್ಲ ಕಂಪ್ಯೂಟರಿನವು. ತೂಕ ನೇರವಾಗಿ ಮುಖ್ಯ ಕಚೇರಿಗೆ ಬರಬೇಕು. ಜಾಲ ಕಡಿದರೆ ತಕ್ಕಡಿ ತೂಗುವುದೇ ಇಲ್ಲ. ಆ ಜಾಲ ಎಲ್ಲಿ ಉಸಿರಾಡುತ್ತಿದೆ, ಎಲ್ಲಿ ಏದುಸಿರು ಬಿಡುತ್ತಿದೆ ಎಂದು ದೊಡ್ಡ ಪರದೆಯ ಮುಂದೆ ಕುಳಿತು ನೋಡುವವರು ನಾವು. ಹಸಿರು ಚುಕ್ಕೆ ಎಂದರೆ ಕ್ಷೇಮ, ಕೆಂಪು ಎಂದರೆ ಫೋನು. ಬಿ.ಇ. ಓದಿದವಳು ಇದನ್ನು ಎಷ್ಟು ಗಂಭೀರವಾಗಿ ಹೇಳಿದರೂ, ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿ ಒಂದೆಕರೆ ಚೆಂಡುಹೂವು ಬೆಳೆಯುವ ನಮ್ಮವ್ವ ಮಹದೇವಮ್ಮ ನೆಂಟರಿಗೆಲ್ಲ ಎರಡೇ ಮಾತಿನಲ್ಲಿ ಮುಗಿಸುತ್ತಾಳೆ: “ಕಂಪ್ನೀಲಿ ಕಾವಲು.” ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ, ನನ್ನ ನೇಮಕಾತಿ ಪತ್ರದ ಅರ್ಧ ಪುಟಕ್ಕಿಂತ ಅದೇ ನಿಖರವಾಗಿದೆ.

ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಗುಂಡ್ಲುಪೇಟೆ ಕೆಂಪಾಯಿತು. ಲೈನಿನವರನ್ನು ಕೇಳಿದೆ. ರಸ್ತೆ ಕೆಲಸದ ಜೆಸಿಬಿ ಕೇಬಲನ್ನು ಕಿತ್ತುಹಾಕಿದೆ, ಜೋಡಿಸುವುದು ಸಂಜೆಗೆ ಎಂದರು. ಇಂಥ ಆಪತ್ತಿಗೆಂದೇ ಪ್ರತಿ ಕೇಂದ್ರಕ್ಕೂ ಮೊಬೈಲ್ ಸಿಮ್ ಹಾಕಿದ ಒಂದು ಸಣ್ಣ ಪೆಟ್ಟಿಗೆ ಕೊಟ್ಟಿದ್ದೇವೆ. ಕೇಬಲ್ ಸತ್ತರೆ ಅದು ತಾನಾಗಿಯೇ ಕೆಲಸ ವಹಿಸಿಕೊಳ್ಳಬೇಕು. ವಹಿಸಿಕೊಂಡಿತ್ತು ಕೂಡ. ಆದರೆ ಅದರ ಸಿಗ್ನಲ್ ಮಾತ್ರ ಮೂರು ದಿನ ಉಪವಾಸವಿದ್ದವರ ದನಿಯಂತೆ ಕ್ಷೀಣವಾಗಿತ್ತು. ಪೆಟ್ಟಿಗೆಯನ್ನು ನನ್ನ ಕುರ್ಚಿಯಿಂದಲೇ ಆರಿಸಿ ಹೊತ್ತಿಸಿದೆ. ಬದಲಾಗಲಿಲ್ಲ. ಪೆಟ್ಟಿಗೆ ಕಿಟಕಿಯ ಪಕ್ಕದಲ್ಲೇ ಇದೆಯೆಂದು ನಮ್ಮ ದಾಖಲೆ ಹೇಳುತ್ತಿತ್ತು.

ಕೇಂದ್ರದ ಗುಮಾಸ್ತ ನಾಗಮಲ್ಲಪ್ಪನವರಿಗೆ ಫೋನ್ ಮಾಡಿದೆ. “ಮೇಡಂ, ಇಲ್ಲಿ ಆಟೋ, ಟ್ರ್ಯಾಕ್ಟರು ರೋಡ್ಗಂಟ ನಿಂತವೆ. ಜನ ನನ್ನ ತಿಂದಾಕ್ಬುಡ್ತಾರೆ!” ಎಂದರು. ಅವರ ಭಯ ನ್ಯಾಯವಾದದ್ದೇ. ಮೂಟೆ ಕಟ್ಟಿದ ಹೂವು ಬಿಸಿಲಿಗೆ ಒಳಗೊಳಗೇ ಕಾವೇರುತ್ತದೆ. ಮಧ್ಯಾಹ್ನ ಕಳೆದರೆ ಗೊಬ್ಬರಕ್ಕೆ ಸಮ. ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು.

“ಯಾರಮ್ಮಿ ಅದು, ಕಂಪ್ನಿಯೋಳು? ಬೆಳಿಗ್ಗಿಂದ ಆರು ಮೂಟೆ ಇಟ್ಕಂಡು ಕುಂತಿವ್ನಿ. ನಿಮ್ಗೇನು, ಫ್ಯಾನ್ ಕೆಳಗೆ...”

“ಅವ್ವಾ, ನಾನು ಕಣವ್ವ, ಶೋಭ.”

“ನೀನಾ? ಕಾವಲಿದ್ದು ಇದೇನಾ ನೀನು ಕಾಯ್ದಿದ್ದು?”

ನನ್ನ ಬದುಕಿನಲ್ಲಿ ಹಲವು ಮೇಲಧಿಕಾರಿಗಳು ಬಂದುಹೋಗಿದ್ದಾರೆ. ಇಂಥ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಉತ್ತರ ಹುಡುಕುತ್ತ ಪರದೆ ನೋಡಿದರೆ, ಆಶ್ಚರ್ಯ, ಸಿಗ್ನಲಿನ ಗೆರೆ ಒಮ್ಮೆಲೇ ಎದ್ದು ನಿಂತಿತು! ಅದೇ ಹೊತ್ತಿಗೆ ಫೋನಿನಲ್ಲಿ ‘ಕಿರ್ರ್’ ಎಂಬ ಸದ್ದು ಕೇಳಿತ್ತು. ಅರ್ಧ ನಿಮಿಷಕ್ಕೆ ‘ಧಡ್’ ಎಂದಿತು. ಗೆರೆ ಮತ್ತೆ ಮಲಗಿತು. ನನಗೆ ಏನೋ ಹೊಳೆಯಿತು.

“ಅವ್ವಾ, ಈಗ ಅಲ್ಲಿ ಏನು ತೆಗೆದು ಮುಚ್ಚಿದ್ರು?”

“ಗುಮಾಸ್ತಪ್ಪ ಬೀರು ತಗುದ ಕಣಮ್ಮಿ, ತಲೆನೋವಿನ ಮಾತ್ರೆ ತಗಳಕೆ.”

“ಆ ಬೀರುನೊಳಗೆ ಏನಿದೆ, ಇನ್ನೊಂದ್ಸಲ ತೆಗಿಸಿ ನೋಡವ್ವ.”

ಬಾಗಿಲು ಮತ್ತೆ ಕಿರುಗುಟ್ಟಿತು. “ಒಂದು ಕರಿ ಡಬ್ಬಿ ಅದೆ. ಎರಡು ಕೊಂಬವೆ. ದೀಪ ಮಿಣಮಿಣ ಅಂತದೆ.”

ಅದೇ ನಮ್ಮ ಪೆಟ್ಟಿಗೆ! ಬೆಲೆಬಾಳುವ ವಸ್ತು, ಕೋತಿ ಎತ್ತಿಕೊಂಡು ಹೋದರೆ ಗತಿಯೇನು ಎಂದು ನಾಗಮಲ್ಲಪ್ಪನವರು ಕಿಟಕಿಯಿಂದ ತೆಗೆದು, ಕಬ್ಬಿಣದ ಬೀರುವಿಗೆ ಹಿಂದಿನಿಂದ ತೂತು ಕೊರೆಸಿ, ವೈರು ಎಳೆಸಿ, ಒಳಗಿಟ್ಟು ಬೀಗ ಹಾಕಿದ್ದರು. ಕಬ್ಬಿಣದೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ನಾನು ಶಾಸ್ತ್ರ ಹೇಳಲು ಬಾಯಿ ತೆರೆಯುವ ಮೊದಲೇ ಅವ್ವನ ಗದರಿಕೆ ಕೇಳಿಸಿತು: “ಅಲ್ಲ ಕಣಪ್ಪ, ನಿನ್ನೂ ಬೀರುಲಿಟ್ಟು ಬೀಗ ಜಡುದ್ರೆ ನೀನು ಮಾತಾಡಿಯಾ? ತಗುದು ಕಿಟ್ಕೀಲಿ ಮಡಗು!”

ಮಡಗಿದರು. ಗೆರೆ ಎದ್ದಿತು, ಚುಕ್ಕೆ ಹಸಿರಾಯಿತು, ತಕ್ಕಡಿ ಕುಯ್ಯೆಂದಿತು. ಮಧ್ಯಾಹ್ನ ಒಂದಕ್ಕೆ ಸಾಲಿನ ಕೊನೆಯ ಮೂಟೆಯೂ ತೂಗಿ ಒಳಗೆ ಹೋಗಿತ್ತು. ಒಂದು ಹಿಡಿ ಹೂವೂ ಹಾಳಾಗಲಿಲ್ಲ. ಫೋನಿಡುವ ಮುನ್ನ ಅವ್ವ ಸಾಲಿನವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: “ನನ್ ಮಗ್ಳು ಕಣ್ರಪ್ಪ. ನಗರದಲ್ಲಿ ಕುಂತ್ಕಂಡೇ ಇಲ್ಲಿ ಬೀರು ಬಾಗ್ಲು ತಗುದಿದ್ದು ಕಂಡಿಡುದ್ಲು.” ಆ ಮಧ್ಯಾಹ್ನ ನಾನು ಡಬ್ಬಿಯ ಅನ್ನ ಉಂಡೆನೋ ಇಲ್ಲವೋ ನೆನಪಿಲ್ಲ, ಹೊಟ್ಟೆಯಂತೂ ತುಂಬಿತ್ತು.

ಇಂಥ ಪ್ರತಿ ಘಟನೆಗೂ ಒಂದು ವರದಿ ಬರೆಯಬೇಕು. ‘ಸ್ಥಳದಲ್ಲಿ ನೆರವಾದವರು’ ಎಂಬಲ್ಲಿ ಸುಳ್ಳು ಬರೆಯಲು ಮನಸ್ಸಾಗದೆ ‘ಮಹದೇವಮ್ಮ’ ಎಂದು ಬರೆದೆ. ಆ ವರದಿ ಎಲ್ಲ ಕೇಂದ್ರಗಳಿಗೂ ಹೋಯಿತು. ಮುಂದಿನ ವಾರ ಸಂತೆಮರಹಳ್ಳಿಯ ಚುಕ್ಕೆ ಕೆಂಪಾದಾಗ ನಾನು ಫೋನ್ ಮಾಡಿದರೆ ಅಲ್ಲಿನ ಗುಮಾಸ್ತರು ವಿನಯದಿಂದ, “ನೀವು ನೋಡಿ ಮೇಡಂ, ಬ್ಯಾಡ ಅನ್ನಲ್ಲ. ಆದ್ರೆ ಆ ಮಹದೇವಮ್ಮ ಇಂಜಿನಿಯರ್ನೂ ಒಂದ್ಸಲ ಲೈನ್ಗೆ ತಕ್ಕಳಿ” ಎಂದರು. ನಾನು ಹಟಕ್ಕೆ ಬಿದ್ದು ಒಬ್ಬಳೇ ಏಳು ನಿಮಿಷದಲ್ಲಿ ಸರಿಪಡಿಸಿದೆ. ಸಂಜೆ ಅವ್ವನಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡೆ.

“ಏನಾಗಿತ್ತಮ್ಮಿ?” ಎಂದಳು.

“ಒಂದು ವೈರು ಸಡಿಲ ಆಗಿತ್ತು ಕಣವ್ವ.”

“ಅಷ್ಟಕ್ಕೆ ಏಳು ನಿಮಿಷ ತಕ್ಕಂಡ್ಯಾ?” ಎಂದು ಇಂಜಿನಿಯರ್ ಸಾಹೇಬರು ಫೋನಿಟ್ಟರು.