ಪೋಲ್ವೋನ್ ತೀರಿಹೋದ ದಿನ

ಸೊಬಿರ್‌ಜೋನ್ ಬೆಳಿಗ್ಗೆ ಎದ್ದು, ಚಹಾಕ್ಕೆ ನೀರಿಟ್ಟು, ಅಕ್ವೇರಿಯಂನ ದೀಪ ಹಾಕಿದಾಗ ಪೋಲ್ವೋನ್ ಹವಳದ ಬುಡದಲ್ಲಿ ಪಕ್ಕಕ್ಕೆ ವಾಲಿ ಮಲಗಿದ್ದ. ಗಾಜು ತಟ್ಟಿದರೂ ಏಳಲಿಲ್ಲ. ಸನ್ಯಾಸಿ ಏಡಿಯೊಂದು ಸನ್ಯಾಸವನ್ನೆಲ್ಲ ಮರೆತು ಅವನ ಬಾಲದಿಂದಲೇ ನಾಷ್ಟಾ ಶುರುಮಾಡಿತ್ತು.

ಪೋಲ್ವೋನ್ ಅಂದರೆ ಪೈಲ್ವಾನ. ಹೆಸರು ಅಷ್ಟು ದೊಡ್ಡದು, ಆಸಾಮಿ ಹೆಬ್ಬೆರಳಿನುದ್ದ. ಮುಂದಿನರ್ಧ ನೇರಳೆ, ಹಿಂದಿನರ್ಧ ಹಳದಿ. ದರ್ಜಿ ಬಟ್ಟೆ ಸಾಲದೆ ಎರಡು ತುಂಡು ಸೇರಿಸಿ ಹೊಲಿದ ಹಾಗೆ.

ಸೊಬಿರ್‌ಜೋನ್ ತಾಷ್ಕೆಂಟಿನ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಭೂಗೋಳದ ಮೇಷ್ಟ್ರು. ಐದು ಸಾಗರಗಳ ಆಳ ಬಾಯಿಪಾಠ, ಆದರೆ ಸಮುದ್ರ ಕಂಡವನಲ್ಲ. ಎರಡು ದೇಶ ದಾಟದೆ ಅಲ್ಲಿ ಯಾರಿಗೂ ಸಮುದ್ರ ಸಿಗುವುದಿಲ್ಲ. ಅದಕ್ಕೇ ಭಾವಮೈದುನ ಎರಡು ಬಕೆಟ್ಟಿನಷ್ಟು ಸಮುದ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ತುಂಬಿಸಿ ಉಡುಗೊರೆ ಕೊಟ್ಟಿದ್ದ. ಮೀನನ್ನು ಮನಸ್ಸಿಗೆ ಹಚ್ಚಿಕೊಂಡವಳು ಮಾತ್ರ ಹೆಂಡತಿ ಸಾನೋಬರ್. ಬೆಳಗಿನ ಮೊದಲ ಮಾತು ಪೋಲ್ವೋನ್ ಜೊತೆಗೆ, ಎರಡನೆಯದು ಗಂಡನ ಜೊತೆಗೆ, ಅದೂ "ಕಸದ ಬುಟ್ಟಿ ತುಂಬಿದೆ" ಎಂದು. ನಾಲ್ಕು ದಿನದ ಹಿಂದೆ ಮರ್ಗಿಲಾನಿಗೆ ಅಣ್ಣನ ಮಗಳ ಮದುವೆಗೆ ಹೊರಟಾಗಲೂ, "ಪೋಲ್ವೋನ್‌ನ ಹುಷಾರಾಗಿ ನೋಡ್ಕೊಳ್ರೀ" ಅಂದಿದ್ದಳೇ ಹೊರತು "ನೀವೂ ಹುಷಾರು" ಅಂದಿರಲಿಲ್ಲ. ಇವತ್ತು ಸಂಜೆ ಬರುವವಳಿದ್ದಳು.

ಸತ್ತ ಮೀನನ್ನು ಒಂದು ಗಳಿಗೆಯೂ ನೀರಿನಲ್ಲಿ ಬಿಡಬಾರದು. ಬಿಟ್ಟರೆ ನೀರು ಕೆಟ್ಟು ಹವಳವೂ ಸೀಗಡಿಯೂ ಅವನ ಹಿಂದೆಯೇ ಹೊರಡುತ್ತವೆ. ಬಲೆ ಸಿಗಲಿಲ್ಲ. ಸೊಬಿರ್‌ಜೋನ್ ಚಹಾ ಸೋಸುವ ಜರಡಿಯಲ್ಲೇ ಪೋಲ್ವೋನ್‌ನನ್ನು ಎತ್ತಿದ. ಏಡಿ ಬಿಡಲಿಲ್ಲ, ಜೊತೆಗೇ ಮೇಲೆ ಬಂತು. ಅದನ್ನು ಬಿಡಿಸುವಷ್ಟರಲ್ಲಿ ಅಂಗಿಯ ತೋಳು ಮೊಣಕೈವರೆಗೆ ತೊಯ್ದಿತ್ತು. ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕಲಸಿ, ಕಾಲು ಭಾಗ ನೀರು ಬದಲಾಯಿಸಿ, ಶವವನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿ, ಬಾಲ್ಕನಿಗೆ ಹೋಗಿ ಬಜಾರಿನ ಮೀನಿನಂಗಡಿ ವಿತಾಲಿಗೆ ಫೋನು ಮಾಡಿದ.

"ಪೋಲ್ವೋನ್ ಹೋಗ್ಬಿಟ್ಟ, ವಿತಾಲಿ! ಬೆಳಿಗ್ಗೆ ನೋಡ್ತೀನಿ, ಮಲಗಿದಾನೆ, ಏಳ್ಲೇ ಇಲ್ಲ. ಈಗ್ಲೇ ಯಾರಿಗೂ ಹೇಳ್ಬೇಡ. ಸಾನೋಬರ್‌ಗೆ ಗೊತ್ತಾದ್ರೆ ತಡ್ಕೊಳ್ಳಲ್ಲ."

ಪಕ್ಕದ ಬಾಲ್ಕನಿಯಲ್ಲಿ ಕುಮ್ರಿ ಓಪಾ ಬಟ್ಟೆ ಒಣಹಾಕುತ್ತಿದ್ದಳು. ಆ ವಠಾರದಲ್ಲಿ ಎಲ್ಲರಿಗೂ ಓಪಾ, ಎಂದರೆ ಅಕ್ಕ. ಬಾಯಿಗೆ ಬೀಗವಿರಲಿಲ್ಲ, ಕಿವಿಗೆ ಬಾಗಿಲೇ ಇರಲಿಲ್ಲ. ಅದೇ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಪೋಲ್ವೋನ್ ಬೋಬೊ ಇದ್ದರು. ಬೋಬೊ ಎಂದರೆ ತಾತ. ಎಂಬತ್ತಾರು ವರ್ಷ, ಹರೆಯದಲ್ಲಿ ಕುಸ್ತಿ ಹಿಡಿದವರು, ಈಗ ಒಂಟಿ. ದಿನಾ ಬೆಳಿಗ್ಗೆ ಅವರಿಗೆ ಬಿಸಿ ರೊಟ್ಟಿ ತಲುಪಿಸುತ್ತಿದ್ದವನು ಸೊಬಿರ್‌ಜೋನನೇ.

ಕುಮ್ರಿ ಓಪಾಳ ಕೈಯಿಂದ ಒದ್ದೆ ಪೈಜಾಮ ಜಾರಿ ಕೆಳಗಿನ ದ್ರಾಕ್ಷಿ ಚಪ್ಪರದ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಇಳಿದಳು. ಎತ್ತಿಕೊಳ್ಳಲಿಲ್ಲ. ಬೋಬೊ ಅವರ ಕದ ತಟ್ಟಿದಳು, ಬೀಗ. ಅಷ್ಟು ಸಾಕಾಯಿತು.

ಸೊಬಿರ್‌ಜೋನ್ ಬಜಾರಿಗೆ ಹೋಗಿ, ಅಲ್ಲಿದ್ದ ಒಂದೇ ಒಂದು ನೇರಳೆ-ಹಳದಿ ಮೀನನ್ನು ನೀರು ತುಂಬಿದ ಚೀಲದಲ್ಲಿ ಹಾಕಿಸಿಕೊಂಡು, ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ವಾಪಸು ಬಂದಾಗ ಮಧ್ಯಾಹ್ನ ಮೂರು. ಗೇಟಿನಲ್ಲೇ ಕಾಲು ನಿಂತಿತು. ಅವನ ಮೆಟ್ಟಿಲಿನ ಮುಂದೆ ಸಾಲಾಗಿ ಬೆಂಚು. ಗಂಡಸರೆಲ್ಲ ಟೋಪಿ ಹಾಕಿ, ಸೊಂಟಕ್ಕೆ ಶಲ್ಯ ಬಿಗಿದು, ಸಾವಿನ ಮನೆಯಲ್ಲಿ ನಿಲ್ಲುವಂತೆ ನಿಂತಿದ್ದರು. ಮಲ್ಬೆರಿ ಮರದಡಿ ದೊಡ್ಡ ಕಡಾಯಿಯಲ್ಲಿ ಪಲೋವ್ ಬೇಯುತ್ತಿತ್ತು.

"ಯಾರು ಹೋದ್ರು?" ಅಂದ.

ಮೊಹಲ್ಲಾದ ಹಿರಿಯ ನೋರ್ಮತ್ ಅವನನ್ನು ತಬ್ಬಿಕೊಂಡರು. ಚೀಲದೊಳಗಿನ ಮೀನು ಅಪ್ಪಚ್ಚಿಯಾಗುವುದರಲ್ಲಿತ್ತು. "ಧೈರ್ಯ ತಗೊಳಪ್ಪ. ಪೋಲ್ವೋನ್‌ನ ನೀನೇ ಮೊದ್ಲು ನೋಡಿದ್ದಂತೆ. ಕಷ್ಟಪಟ್ರಾ?"

"ಇಲ್ಲ... ಪಕ್ಕಕ್ಕೆ ವಾಲಿದ್ದ, ಅಷ್ಟೇ," ಅಂದ ಸೊಬಿರ್‌ಜೋನ್. ಒಂದು ಮೀನಿಗೆ ಮೊಹಲ್ಲಾ ತೋರಿಸುತ್ತಿದ್ದ ಪ್ರೀತಿಗೆ ಅವನ ಕಣ್ಣು ತುಂಬಿತು.

"ಈಗೆಲ್ಲಿಟ್ಟಿದೀಯ?"

"ಬೆಂಕಿಪೊಟ್ಟಣದಲ್ಲಿ."

ನೋರ್ಮತ್ ಅಪ್ಪುಗೆ ಸಡಿಲಿಸಿದರು. ಅದೇ ಹೊತ್ತಿಗೆ ಕಂಕುಳಲ್ಲಿ ಕರಬೂಜದ ಹಣ್ಣು ಇಟ್ಟುಕೊಂಡು ಗೇಟಿನೊಳಗೆ ಬಂದವರು ಸಾಕ್ಷಾತ್ ಪೋಲ್ವೋನ್ ಬೋಬೊ. ಬೆಳಿಗ್ಗೆಯಿಂದ ಚಹಾದಂಗಡಿಯಲ್ಲಿ ಚದುರಂಗ ಆಡಿ ಗೆದ್ದು ಬಂದಿದ್ದರು. ಶಲ್ಯ ಬಿಗಿದ ಗಂಡಸರನ್ನು ಕಂಡದ್ದೇ ಟೋಪಿ ಸರಿಮಾಡಿಕೊಂಡು, ಮುಖ ಬಾಡಿಸಿ, "ಯಾರಪ್ಪಾ ಪುಣ್ಯಾತ್ಮರು?" ಅಂದರು.

ಕುಮ್ರಿ ಓಪಾ ಸೌಟು ಹಿಡಿದುಕೊಂಡೇ ಕಡಾಯಿಯ ಹಿಂದೆ ಕುಳಿತುಬಿಟ್ಟಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಿದ ಈ ಕತೆ ಬಿಚ್ಚಿಕೊಳ್ಳಲು ಕಾಲು ಗಂಟೆ ಹಿಡಿಯಿತು. ನೋರ್ಮತ್ ಕೆಂಡವಾದರು. ಬೋಬೊ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೋಸ್ಕರ ಇಷ್ಟು ಜನಾನಾ! ಅಲ್ಲಿ ಮೂಗು ಒರೆಸ್ಕೋತಿರೋನು ತುರ್ಸುನ್ ಅಲ್ವಾ? ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ. ಬಾರೋ ಇಲ್ಲಿ! ಪಲೋವ್ ಯಾಕೆ ಹಾಳು ಮಾಡ್ತೀರಿ, ಹಾಕ್ರೀ ತಟ್ಟೆಗೆ."

ಬೋಬೊ ಹಿರಿಯರ ಬೆಂಚಿನಲ್ಲಿ ಕುಳಿತು ತಮ್ಮದೇ ತಿಥಿಯ ಊಟಕ್ಕೆ ಕೈಯಿಟ್ಟರು. ಸೊಬಿರ್‌ಜೋನ್ ಮೆಲ್ಲಗೆ ಜಾರಿಕೊಂಡು ಮೇಲೆ ಹೋಗಿ, ಹೊಸ ಮೀನಿನ ಚೀಲವನ್ನು ನೀರು ಹದಕ್ಕೆ ಬರಲೆಂದು ಅಕ್ವೇರಿಯಂನಲ್ಲಿ ತೇಲಿಬಿಟ್ಟ. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ನಿಂತ ಸದ್ದಾಯಿತು.

ಸಾನೋಬರ್ ಇಳಿದಳು. ತನ್ನ ಮೆಟ್ಟಿಲ ಮುಂದೆ ಬೆಂಚು, ಶಲ್ಯ, ಕಡಾಯಿ. ಗಂಡ ಎಲ್ಲೂ ಕಾಣಲಿಲ್ಲ. ಸೂಟ್‌ಕೇಸು ಕೈಯಿಂದ ಜಾರಿತು.

"ಅಯ್ಯೋ ನನ್ನ ಬೆಟ್ಟವೇ! ನನ್ನ ಬಿಟ್ಟು ಹೊರಟ್ರಾ!"

ಕುಮ್ರಿ ಓಪಾ ಓಡಿ ಹೇಳಹೊರಟಳು. ಬೋಬೊ ಅವಳ ತೋಳು ಹಿಡಿದೆಳೆದರು. "ಶ್! ಸ್ವಲ್ಪ ಇರೇ. ಬದುಕಿರುವಾಗ್ಲೇ ಇದನ್ನ ಕೇಳಿಸ್ಕೊಳ್ಳೋ ಭಾಗ್ಯ ಎಲ್ರಿಗೂ ಬರಲ್ಲ."

ಸೊಬಿರ್‌ಜೋನ್ ಎರಡೇ ನೆಗೆತಕ್ಕೆ ಮೆಟ್ಟಿಲಿಳಿದು ಬಾಗಿಲ ಮರೆಯವರೆಗೆ ಬಂದವನು ಅಲ್ಲೇ ನಿಂತ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಬೆಟ್ಟ ಅಂದಿರಲಿಲ್ಲ. ಇನ್ನೊಂದೇ ಒಂದು ಮಾತು ಕೇಳಿ ಹೋಗೋಣ ಅನ್ನಿಸಿತು.

"ಒಂದಿನ ದನಿ ಎತ್ತಲಿಲ್ವಲ್ಲಾ, ನನ್ನ ಸಿಂಹವೇ! ನಿಮ್ಮಂಥ ಗಂಡಸು ಈ ಊರಲ್ಲೇ ಇರ್ಲಿಲ್ಲ!"

ಸೊಬಿರ್‌ಜೋನ್ ಒದ್ದೆ ತೋಳಿನಲ್ಲಿ ಕಣ್ಣೊರೆಸಿಕೊಂಡ. ಇನ್ನೊಂದು.

"ಕ್ಷಮಿಸ್ಬಿಡ್ರೀ, ನಿಮಗೆ ಮೋಸ ಮಾಡ್ದೆ! ನೀವು ಮಗು ಥರ ಸಾಕಿದ ಆ ಪೋಲ್ವೋನ್ ಚಳಿಗಾಲದಲ್ಲೇ ಸತ್ತ! ಸೋಪಿನ ಬಟ್ಟೇಲಿ ಗಾಜು ಒರೆಸಿ ನಾನೇ ಕೊಂದೆ! ನೀವು ನೊಂದ್ಕೋತೀರಿ ಅಂತ ಬಜಾರಿಂದ ಇನ್ನೊಂದು ತಂದೆ. ಅದೂ ಸತ್ತಿತು. ಈಗಿರೋದು ಮೂರನೇದು! ನಂಗೆ ಆ ಮೀನು ಕಂಡ್ರೇ ಆಗಲ್ಲ. ನಿಮಗೋಸ್ಕರ ದಿನಾ ಮಾತಾಡಿಸ್ತಿದ್ದೆ!"

"ನಂಗೋಸ್ಕರಾನಾ?" ಸೊಬಿರ್‌ಜೋನ್ ಕೂಗಿಕೊಂಡು ಹೊರಗೆ ಬಂದ. "ನಿನಗೋಸ್ಕರ ಅಂತ ನಾನು ನಾಲ್ಕನೇದು ತಂದೆನಲ್ಲೇ!"

ಬೆಂಚುಗಳ ಮೇಲೆ ನಗು ಕಡಾಯಿಯಿಂದ ಉಕ್ಕಿದಂತೆ ಉಕ್ಕಿತು. ಸಾನೋಬರ್ ಗಂಡನ ಮುಖ ಮುಟ್ಟಿ ನೋಡಿದಳು, ಎದೆಗೆ ಹಣೆಯಾನಿಸಿ ಒಂದು ಗಳಿಗೆ ನಿಂತಳು, ಆಮೇಲೆ ಮುಷ್ಟಿಯಿಂದ ಅದೇ ಎದೆಗೆ ಒಂದು ಗುದ್ದಿದಳು.

ಸೊಬಿರ್‌ಜೋನ್‌ಗೆ ಗುದ್ದು ತಾಗಲೇ ಇಲ್ಲ. ಅವನು ಅವಳ ಕಿವಿಯ ಹತ್ತಿರ ಬಗ್ಗಿ, ನಾಚುತ್ತ ಕೇಳಿದ: "ಆ ಸಿಂಹದ್ದು... ಇನ್ನೊಂದ್ಸಲ ಹೇಳ್ತೀಯಾ?"

ಸಾನೋಬರ್ ಮೂಗೊರೆಸಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡು, ಸೂಟ್‌ಕೇಸಿನ ಕಡೆ ಕೈ ತೋರಿಸಿದಳು.

"ಅದೆಲ್ಲ ಸತ್ತೋರಿಗೆ. ಬದುಕಿರೋರು ಅದನ್ನ ಎತ್ಕೊಂಡು ಮೇಲಕ್ಕೆ ನಡೀರಿ."