ಎಕ್ಸ್‌ನ ಬದಲಿ, ನನ್ನ ಬದಲಿ

ನಗಲು ಆಸ್ಪದವೇ ಇಲ್ಲದ ವಿಷಯವೆಂದು ನಾನು ಗಣಿತ ಹಿಡಿದೆ. ಆದರೆ ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನಲ್ಲಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವವರ ನಡುವೆ ಹನ್ನೆರಡನೇ ಇಯತ್ತೆಗೆ ಅದನ್ನು ಕಲಿಸಹೋದರೆ ಹೀಗೆಲ್ಲ ಆಗುತ್ತಲೇ ಇರುತ್ತದೆ.

೧. ಶಿಪಾಯಿ ತಂದ ಸುದ್ದಿ

ಅಂದು ಇಂಟಿಗ್ರೇಶನ್ ನಡೆದಿತ್ತು. ಮೇಲೆ ಟ್ಯಾನ್ ಇನ್ವರ್ಸ್ ಎಕ್ಸ್, ಕೆಳಗೆ ಒಂದು ಪ್ಲಸ್ ಎಕ್ಸ್ ವರ್ಗ. ಟ್ಯಾನ್ ಇನ್ವರ್ಸ್ ಎಕ್ಸ್ ಇದ್ದಲ್ಲಿ ಟಿ ಇಟ್ಟರೆ ಕೆಳಗಿನ ಹೊರೆಯೆಲ್ಲ ಡಿಟಿಯೊಳಗೆ ಹೋಗಿ, ಲೆಕ್ಕ ಹಗುರಾಗುತ್ತದೆ. ಸಬ್‌ಸ್ಟಿಟ್ಯೂಶನ್ ಎಂದರೆ ಮಕ್ಕಳು ಹೆದರುತ್ತಾರೆಂದು ನಾನು 'ಬದಲಿ' ಎಂದೆ. "ಇವತ್ತ ಇಷ್ಟ ಸಾಕು, ನಾಳೆ ಬದಲಿ" ಎಂದು ಪಾಠ ಮುಗಿಸಿದೆ.

ನೋಟಿಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾಲೇಜಿನ ಶಿಪಾಯಿಗೆ ಅಷ್ಟು ಸಾಕಾಯಿತು. ನಮ್ಮ ಕಡೆ ಕಚೇರಿಯಲ್ಲಿ ಬದಲಿ ಎಂದರೆ ವರ್ಗಾವಣೆ. ಮಧ್ಯಾಹ್ನ ಸ್ಟಾಫ್‌ರೂಮಿಗೆ ಹೋದರೆ ಇತಿಹಾಸದ ಮಾಸ್ತರರು ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ಕೂತು, ಎಲ್ಲಿಗಾಯಿತೆಂದು ದುಃಖದಿಂದ ವಿಚಾರಿಸಿದರು. ಸುದ್ದಿ ಸುಳ್ಳೆಂದು ತಿಳಿದಾಗ ಅವರ ದುಃಖ ನಿಜವಾಯಿತು.

೨. ಎಕ್ಸ್ ಎಲ್ಲಿ?

ಈ ಸುದ್ದಿ ಕೇಳಿ ಮಕ್ಕಳು ಮಾತ್ರ ನಗಲಿಲ್ಲ. ಎರಡು ವರ್ಷದಲ್ಲಿ ಮೂವರು ಗಣಿತ ಮಾಸ್ತರರು ಅವರನ್ನು ಅರ್ಧಕ್ಕೆ ಬಿಟ್ಟುಹೋಗಿದ್ದರು. ಬೋರ್ಡ್ ಪರೀಕ್ಷೆ ಹತ್ತಿರವಿತ್ತು. ತಿಕೋಂಡಿ ಹಳ್ಳಿಯಿಂದ ಬರುವ, ಕುರಿ ಕಾಯುವ ಮನೆತನದ ಹುಡುಗಿಗೆ ಎಲ್ಲರಿಗಿಂತ ಹೆಚ್ಚು ದಿಗಿಲು. ಗಣಿತ ಕೈಕೊಟ್ಟರೆ ಅವಳ ಮುಂದಿನ ಓದು ಅಲ್ಲಿಗೇ ಮುಗಿಯಿತು.

ಮರುದಿನ ಅವಳ ಲೆಕ್ಕದ ವಹಿ ನೋಡಿದೆ. ಟಿ ವರ್ಗ ಭಾಗಿಸು ಎರಡು, ಪ್ಲಸ್ ಸಿ. ಅಲ್ಲಿಗೇ ನಿಲ್ಲಿಸಿದ್ದಳು. ಉತ್ತರದ ಕೊನೆಗೆ ಇರಲೇಬೇಕಾದ ಪ್ಲಸ್ ಸಿ ಎಂದೂ ಮರೆಯದವಳು ಟಿಯನ್ನು ಹಾಗೇ ಬಿಟ್ಟಿದ್ದಳು. ಎಕ್ಸ್ ಎಲ್ಲಿ ಎಂದು ಕೇಳಿದೆ.

"ಬದಲಿ ಆಗ್ಯಾದ್ರಿ ಸರ."

ನಾನು ಕೆಂಪು ಶಾಯಿಯಲ್ಲಿ ಬರೆದೆ: 'ಬದಲಿ ಆದ ಮೇಲೆ ಮೊದಲಿದ್ದದ್ದನ್ನು ತಿರುಗಿ ತಂದು ಇಡಬೇಕು. ಇಲ್ಲದಿದ್ದರೆ ಲೆಕ್ಕ ಅಪೂರ್ಣ.' ಕೆಳಗೆ ಸಹಿ ಹಾಕಿದೆ. ಅವಳು ಅದನ್ನು ಎರಡು ಸಲ ಓದಿ, ಹೋದವರು ಹೊಳ್ಳಿ ಬರುತ್ತಾರೇನು ಎಂದು ಕೇಳಿದಳು. ಗಣಿತದಲ್ಲಿ ಬರುತ್ತಾರೆ ಎಂದೆ.

೩. ಸಹಿ ಮಾಡಿದ ಮಾತು

ತಿಂಗಳೊಳಗೆ ಶಿಪಾಯಿಯ ಬಾಯಿ ಹರಕೆ ಫಲಿಸಿತು. ನಮ್ಮ ಶಿಕ್ಷಣ ಸಂಸ್ಥೆಯ ಇನ್ನೊಂದು ಕಾಲೇಜಿಗೆ ನನ್ನ ಬದಲಿ ನಿಜಕ್ಕೂ ಬಂತು. ಮಕ್ಕಳಿಗೆ ಮುಖ ತೋರಿಸಲಾಗದೆ ಸಂಕಟಪಟ್ಟು ಹೊರಟುಹೋದೆ.

ಎಂಟು ದಿನಕ್ಕೆ ಸಂಸ್ಥೆಯ ಅಧ್ಯಕ್ಷರು ಕರೆಸಿದರು. ಅವರೆದುರು ಹೆಗಲ ಮೇಲೆ ಕಂಬಳಿ ಹೊದ್ದು ಹುಡುಗಿಯ ತಂದೆ ನಿಂತಿದ್ದರು. ಮೇಜಿನ ಮೇಲೆ ಅದೇ ವಹಿ ತೆರೆದಿತ್ತು.

"ನನಗ ಲೆಕ್ಕ ತಿಳಿಯೂದಿಲ್ರಿ ಸಾಹೇಬ್ರ. ಆದ್ರ ಮಾಸ್ತರ್ರು ಸಹಿ ಮಾಡಿ ಕೊಟ್ಟಾರ. ಹೊಳ್ಳಿ ತಂದು ಇಡ್ರಿ."

ಅಧ್ಯಕ್ಷರು ಓದಿದರು. ಈ ಸಹಿ ನಿಮ್ಮದೇ ಏನು ಎಂದು ನನ್ನನ್ನು ಗಂಭೀರವಾಗಿ ಕೇಳಿದರು. ಹೌದೆಂದೆ. ಪರೀಕ್ಷೆ ಮುಗಿಯುವವರೆಗೆ ನನ್ನನ್ನು ಮೊದಲಿನ ಜಾಗಕ್ಕೆ ಹಾಕಿದರು.

ಬಂದ ದಿನವೇ ಅದೇ ಲೆಕ್ಕ ಕೊಟ್ಟೆ. ಹುಡುಗಿ ಟಿ ತೆಗೆದು ಟ್ಯಾನ್ ಇನ್ವರ್ಸ್ ಎಕ್ಸ್ ಅನ್ನು ಚೆಂದವಾಗಿ ಅದರ ಜಾಗಕ್ಕೆ ತಂದಿಟ್ಟಿದ್ದಳು. ಆದರೆ ಪ್ಲಸ್ ಸಿ ಇರಲಿಲ್ಲ. ಅದೆಲ್ಲಿ ಎಂದು ಕೇಳಿದೆ.

"ನಿಮ್ಮನ್ನ ಹೊಳ್ಳಿ ತರೂ ಗದ್ದಲದಾಗ ಮರತೇನ್ರಿ ಸರ."