ನಮ್ಮ ಮನೆ ಪಾಸಾದದ್ದು

ಪರೀಕ್ಷೆ ಎಂದರೆ ಬೇರೆಯವರು ಬರೆಯುವುದು, ನಾವು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬೆಂಚುಗಳ ನಡುವೆ ಓಡಾಡುವುದು. ಮೇಷ್ಟರಾದ ಮೇಲೆ ಈ ನಂಬಿಕೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಹೇಳುತ್ತಿದ್ದೇನೆ. ಸರ್ಕಾರಿ ಶಾಲೆಗೆ ಅರ್ಜಿ ಹಾಕಬೇಕಾದರೆ ಮೊದಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಎರಡು ಸಲ ಬರೆದಿದ್ದೆ, ಎರಡು ಸಲವೂ ಫೇಲಾಗಿದ್ದೆ. ತಪ್ಪು ನನ್ನದಲ್ಲ, ಪ್ರಶ್ನೆಪತ್ರಿಕೆಯದು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಒಪ್ಪಿಸಿದ್ದೆ. ವಯಸ್ಸಿನ ಮಿತಿಯನ್ನು ಮಾತ್ರ ಒಪ್ಪಿಸಲಾಗಲಿಲ್ಲ. ಅದು ಹತ್ತಿರ ಹತ್ತಿರ ಬರುತ್ತಲೇ ಇತ್ತು.

ಹಾಗಾಗಿ ಮೂರನೇ ಸಲ ಕ್ರಮವಾಗಿ ತಯಾರಾಗಲು ಹೊರಟೆ. ಕ್ರಮ ಎಂದರೆ ಇಷ್ಟೇ. ಸಂಜೆ ನಾನು ಮಂಚದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುವುದು, ನನ್ನ ಹೆಂಡತಿ ಪದ್ಮ ಒಲೆಯ ಮುಂದೆ ಪುಸ್ತಕ ಹಿಡಿದು ಪ್ರಶ್ನೆ ಓದುವುದು, ನಾನು ಉತ್ತರ ಹೇಳುವುದು. ಪದ್ಮ ಪಾವಗಡ ತಾಲ್ಲೂಕಿನ ಬಲಸಮುದ್ರದವಳು. ಮದುವೆಗೆ ಮುಂಚೆ ಡಿ.ಎಡ್. ಮುಗಿಸಿದ್ದಳು. ಅದರ ಸರ್ಟಿಫಿಕೇಟು ರೇಷ್ಮೆ ಸೀರೆಗಳ ಕೆಳಗೆ ಟ್ರಂಕಿನಲ್ಲಿತ್ತು. ಸೀರೆಗಳಾದರೂ ಹಬ್ಬಕ್ಕೊಮ್ಮೆ ಹೊರಗೆ ಬರುತ್ತಿದ್ದವು.

“ಮಗು ಲೆಕ್ಕದಲ್ಲಿ ಒಂದೇ ತಪ್ಪನ್ನು ಪದೇ ಪದೇ ಮಾಡಿದರೆ ಶಿಕ್ಷಕರು ಏನು ಮಾಡಬೇಕು?” ಎಂದು ಅವಳು ಓದಿದಳು ಒಂದು ದಿನ.

“ಹತ್ತು ಸಲ ಬರೆಸಬೇಕು.”

“ತಪ್ಪಿನ ಕಾರಣ ಹುಡುಕ್ಬೇಕು ಕಣ್ರೀ. ಮೂರನೇ ಆಪ್ಷನ್ನು.”

“ಈ ಪುಸ್ತಕ ಬರೆದವನು ಊಟದ ಬೆಲ್ ಆದ ಮೇಲೆ ಐದನೇ ಕ್ಲಾಸಿಗೆ ಹೋಗಿಲ್ಲ, ಬಿಡು.”

“ನೀವು ಹೋಗಿದ್ದೀರಲ್ಲ, ಅದಕ್ಕೇ ಎರಡು ಸಲ ಫೇಲಾಗಿದ್ದು.”

ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತದೆ. ನಾನು ಮರುದಿನವೂ ಅದೇ ಉತ್ತರ ಹೇಳಿದಾಗ, “ಅಯ್ಯೋ, ಮಳ್ಳೀ ಅದೇನಾ!” ಎಂದು ಸೌಟು ಕುಕ್ಕಿದಳು. ಮಳ್ಳೀ ಎಂದರೆ ಮತ್ತೆ. ಆ ತಿಂಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಆ ಒಂದು ಪದವನ್ನೇ. ಅವಳು ಪುಟ ತಿರುವಿ ನೋಡದೆಯೇ ಉತ್ತರ ಹೇಳುತ್ತಿದ್ದಾಳೆಂಬುದು ಗಮನಕ್ಕೆ ಬಂದಿತ್ತು. ಪಾಪ, ಓದಿ ಓದಿ ನಂಬರು ಬಾಯಿಪಾಠವಾಗಿರಬೇಕು ಎಂದುಕೊಂಡೆ.

ಈ ಸಲ ಟಿಇಟಿಗೆ ಅವಳ ಅರ್ಜಿಯನ್ನೂ ನಾನೇ ತುಂಬಿದೆ. ಇದನ್ನು ಔದಾರ್ಯ ಎಂದು ಬಹಳ ಜನರ ಹತ್ತಿರ ಹೇಳಿಕೊಂಡಿದ್ದೇನೆ, ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ಪರೀಕ್ಷೆಗೆ ತುಮಕೂರಿಗೆ ಒಬ್ಬನೇ ಹೋಗಲು ನನಗೆ ಅಳುಕು. ಜೊತೆಗೆ ಬಂದವಳು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲುವ ಬದಲು ಒಳಗೆ ಫ್ಯಾನಿನ ಕೆಳಗೆ ಕೂರಲಿ ಎಂದು ಅವಳಿಗೂ ಒಂದು ಹಾಲ್ ಟಿಕೆಟ್ ಮಾಡಿಸಿದೆ, ಅಷ್ಟೇ.

ಪರೀಕ್ಷೆಯ ದಿನ ಗಣಿತದ ಭಾಗದಲ್ಲಿ ಒಂದು ಪ್ರಶ್ನೆ ನನ್ನನ್ನು ಕೆಣಕಿತು. ನಾಲ್ಕು ಉತ್ತರಗಳಲ್ಲಿ ಮೂರು ಸರಿಯಾಗಿದ್ದವು. ಪ್ರಶ್ನೆಯೇ ತಪ್ಪು! ಹದಿನಾಲ್ಕು ವರ್ಷದ ಗಣಿತದ ಮೇಷ್ಟರು ಇದನ್ನು ಸುಮ್ಮನೆ ಬಿಡುವುದುಂಟೇ? ಪತ್ರಿಕೆಯ ಅಂಚಿನಲ್ಲೆಲ್ಲ ಲೆಕ್ಕ ಮಾಡಿ, ಅದು ತಪ್ಪೆಂದು ಮೂರು ರೀತಿಯಲ್ಲಿ ಸಾಧಿಸಿ, ತೃಪ್ತಿಯಿಂದ ತಲೆಯೆತ್ತುವಾಗ ಕೊನೆಯ ಹತ್ತು ನಿಮಿಷ ಉಳಿದಿತ್ತು. ಪರಿಸರ ಅಧ್ಯಯನ ಪೂರ್ತಿ ಬಾಕಿ. ಆಮೇಲೆ ನೋಡಿದರೆ ಪ್ರಶ್ನೆ ಇದ್ದದ್ದು ‘ಯಾವುದು ಸರಿಯಲ್ಲ’ ಎಂದು. ಪ್ರಶ್ನೆಯನ್ನು ಎರಡು ಸಲ ಓದ್ರೋ ಎಂದು ದಿನಾ ಗಂಟಲು ಹರಿದುಕೊಳ್ಳುವವನು ನಾನೇ.

ವಾಪಸ್ ಬರುವಾಗ ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಅವಳಿಗೆ ಸೌತೆಕಾಯಿ ಕೊಡಿಸಿ ಸಮಾಧಾನ ಹೇಳಿದೆ. “ಮೊದಲನೇ ಸಲ ಯಾರಿಗೂ ಆಗಲ್ಲ, ಬೇಜಾರು ಮಾಡ್ಕೋಬೇಡ.” ಅವಳು ಕಿಟಕಿಯಾಚೆ ನೋಡುತ್ತಾ ಸೌತೆಕಾಯಿ ತಿಂದಳು.

ಫಲಿತಾಂಶ ಬಂದ ದಿನ ಫೋನಿನಲ್ಲಿ ನೋಡಿ ಹೇಳಿದವರು ನಜೀರ್ ಸರ್. ಶಿರಾದಿಂದ ದಿನಾ ಬಂದು ನಮ್ಮ ಶಾಲೆಯಲ್ಲಿ ಹಿಂದಿ ಹೇಳುವವರು. “ಮುಬಾರಕ್ ಸಾರ್! ನಿಮ್ಮನೆ ಪಾಸಾಗೈತೆ!”

“ಮನೆ ಅಂದ್ರೆ?”

“ಮನೆ ಅಂದ್ರೆ ಮನೆಯವ್ರು ಸಾರ್. ನೂರಾ ನಾಲ್ಕು.” ಅವರ ದನಿ ಇಳಿಯಿತು. “ನಿಮ್ದು ಎಂಬತ್ತಾರು.” ನನಗೆ ಬೇಕಿದ್ದದ್ದು ತೊಂಬತ್ತು.

ಮನೆಗೆ ನಡೆಯುತ್ತಾ ದಾರಿಯುದ್ದಕ್ಕೂ ಮುಖದಲ್ಲಿ ನಗು ಅಭ್ಯಾಸ ಮಾಡಿದೆ. ಪದ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳ ಅಂಕ ಹೇಳಿದೆ. ಕೈಯಲ್ಲಿದ್ದ ಬಟ್ಟೆ ಕಲ್ಲಿನ ಮೇಲೆ ಬಿತ್ತು, ಮುಖ ಅರಳಿತು. ಮರುಕ್ಷಣ “ನಿಮ್ದು?” ಎಂದಳು. ಹೇಳಿದೆ. ಅರಳಿದ ಮುಖವನ್ನು ಅವಳು ತಟ್ಟನೆ ಮುಚ್ಚಿಕೊಂಡು, ಬಟ್ಟೆ ಎತ್ತಿ ಮತ್ತೆ ಕುಕ್ಕತೊಡಗಿದಳು. ಫೇಲಾದದ್ದಕ್ಕಿಂತ ಅದೇ ನನಗೆ ಹೆಚ್ಚು ಚುಚ್ಚಿತು. ಇಷ್ಟು ವರ್ಷ ಕಾದು ಬಂದ ಸಂತೋಷವನ್ನು ನನ್ನ ಮುಖ ನೋಡಿ ಒಳಗಿಟ್ಟುಕೊಂಡಳಲ್ಲ! ಹೋಗಿ ಮೈಸೂರುಪಾಕು ತಂದು ಅವಳ ಬಾಯಿಗಿಟ್ಟೆ. ಆಗ ನಕ್ಕಳು. ಜೊತೆಗೆ ಅತ್ತಳು ಕೂಡ. ಬಲಸಮುದ್ರಕ್ಕೆ ಫೋನ್ ಮಾಡಿದರೆ ಮಾವ, “ಎಲ್ಲಾ ನೀವು ಹೇಳ್ಕೊಟ್ಟಿದ್ದೇ ಅಲ್ಲುಡೂ, ಇಲ್ದಿದ್ರೆ ಅವಳಿಗೆ ಹೆಂಗೆ ಬರ್ತಿತ್ತು?” ಎಂದರು. ಅಳಿಯನಾದವನು ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದೆ. ಪದ್ಮ ಸೆರಗು ಬಾಯಿಗಿಟ್ಟುಕೊಂಡಳು.

ಈಗ ನನಗೆ ಅವಳೇ ಪಾಠ ಹೇಳುತ್ತಾಳೆ. ಮಂಚದ ಮೇಲೆ ಮಲಗುವಂತಿಲ್ಲ, ಚಾಪೆಯ ಮೇಲೆ ನೆಟ್ಟಗೆ ಕೂರಬೇಕು. ಮೊನ್ನೆ ಸಂಜೆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಹೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ “ಗುಡ್” ಎಂದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ರಾತ್ರಿ ಎರಡು ಮುದ್ದೆ ಹೆಚ್ಚಿಗೆ ಉಂಡೆ. ಒಂದು ಮಾತಿನಲ್ಲಿ ಇಷ್ಟು ಇದೆಯೇ ಎನಿಸಿ, ಮರುದಿನ ಐದನೇ ಕ್ಲಾಸಿನಲ್ಲಿ ಲೆಕ್ಕ ಸರಿಯಾಗಿ ಮಾಡಿದ್ದ ಹುಡುಗಿಯೊಬ್ಬಳ ಬೆಂಚಿನ ಹತ್ತಿರ ಹೋಗಿ, ಮೃದುವಾಗಿ, “ಗುಡ್” ಎಂದೆ.

ಅವಳು ಗಾಬರಿಯಿಂದ ಎದ್ದು ನಿಂತು, “ನಾನೇನೂ ಮಾಡಿಲ್ಲ ಸಾರ್!” ಎಂದಳು.